ಒಡವೆಯ ಒಡತಿ

ಅಮ್ಮ ತೀರಿಹೋದ ಮೇಲೆ ಅವಳ ಕಬ್ಬಿಣದ ಟ್ರಂಕನ್ನು ತೆರೆದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ರೇಷ್ಮೆ ಸೀರೆ, ಅಪ್ಪನ ಕನ್ನಡಕ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನ್ಯಾಫ್ತಲೀನ್ ಗುಳಿಗೆಯ ವಾಸನೆ. ಎಲ್ಲದರ ತಳದಲ್ಲಿ ಹಳೆಯದೊಂದು ಲಗ್ನಪತ್ರಿಕೆ ಇತ್ತು. ಅದರ ಹಿಂಬದಿಯಲ್ಲಿ ಅಮ್ಮನ ದುಂಡು ಅಕ್ಷರ. ಮೇಲೆ ‘ನನ್ನ ಒಡವೆ’ ಎಂದು ಬರೆದು ಅಡಿಗೆರೆ ಎಳೆದಿದ್ದಳು. ಕೆಳಗೆ ಪಟ್ಟಿ.

ಕಾಸಿನ ಸರ ಒಂದು. ಅದರ ಮೇಲೆ ಗೀಟು ಹಾಕಿ ಪಕ್ಕದಲ್ಲಿ ‘ಪಂಪ್‌ಸೆಟ್ಟು, 1978’ ಎಂದಿತ್ತು. ಬಳೆ ನಾಲ್ಕು, ಅದಕ್ಕೂ ಗೀಟು, ‘ದೊಡ್ಡವನ ಕಾಲೇಜು, 1983’. ಎರಡೆಳೆ ಸರ, ಗೀಟು, ‘ಮಗಳ ಮದುವೆ, 1988’. ಕಿವಿಯ ಓಲೆ ಒಂದು ಜೊತೆ, ಇದಕ್ಕೆ ಗೀಟಿರಲಿಲ್ಲ. ಆಮೇಲೆ, ಅದೇ ಮಸಿಯಲ್ಲಿ, ಅದೇ ಸಾಲಿನ ಅಳತೆಯಲ್ಲಿ: ತಾಮ್ರದ ಹಂಡೆ. ಹೊಲಿಗೆ ಯಂತ್ರ. ಕೆಂದ ಹಸು ಮತ್ತು ಅದರ ಕರು.

ಅಣ್ಣನಿಗೆ ತೋರಿಸಿದೆ. ಓದಿ ಪ್ರೀತಿಯಿಂದಲೇ ನಕ್ಕ. “ಪಾಪ ಅಮ್ಮ! ಹಸು ಎಲ್ಲಾದ್ರೂ ಒಡವೆ ಆಗುತ್ತಾ? ಅವಳಿಗೆ ಪದದ ಅರ್ಥಾನೇ ಗೊತ್ತಿರಲಿಲ್ಲ ನೋಡು” ಅಂದ. ಅತ್ತಿಗೆಯೂ ನಕ್ಕರು. ನಾನೂ ನಕ್ಕೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ನಕ್ಕಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ ಎಂದರೂ ಸರಿಯೇ.

ಧಾರವಾಡಕ್ಕೆ ಹಿಂದಿರುಗಿದ ಮೇಲೆ ಕಿಟೆಲ್ ಅವರ ನಿಘಂಟನ್ನು ಇಳಿಸಿಕೊಂಡು ಕೂತೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅಚ್ಚು ಹಾಕಿದ ಆ ದೊಡ್ಡ ಪುಸ್ತಕ ಇವತ್ತಿಗೂ ನಮ್ಮಂಥವರ ಕೊನೆಯ ಮೊರೆ. ಅದರಲ್ಲಿ ಒಡವೆ ಎಂದರೆ ಆಭರಣ ಎಂದಷ್ಟೇ ಇಲ್ಲ. ಸ್ವಂತದ್ದು, ಸ್ವತ್ತು, ಐಶ್ವರ್ಯ, ವಸ್ತು ಎಂಬ ಅರ್ಥಗಳೂ ಇವೆ. ಅದರ ಹಳೆಯ ರೂಪ ‘ಒಡಮೆ’. ಹಿರಿಮೆ, ಕಿರಿಮೆ, ಜಾಣ್ಮೆಗಳಲ್ಲಿ ಬರುವ ‘ಮೆ’ ಪ್ರತ್ಯಯವೇ ಇಲ್ಲಿಯೂ ಬಂದಿದೆ; ಕಾಲಕ್ರಮದಲ್ಲಿ ಮಕಾರ ವಕಾರವಾಯಿತು. ತಮಿಳಿನಲ್ಲಿ ಇದೇ ಪದ ‘ಉಡೈಮೈ’ ಆಗಿ ಉಳಿದಿದೆ. ಅಲ್ಲಿ ಅದಕ್ಕೆ ಇಂದಿಗೂ ಆಸ್ತಿ, ಒಡೆತನ ಎಂದೇ ಅರ್ಥ. ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ನಿಘಂಟು ಈ ಪದಗಳನ್ನೆಲ್ಲ ಒಂದೇ ಮನೆಯ ಮಕ್ಕಳೆಂದು ಸಾಲಾಗಿ ಕೂರಿಸಿದೆ. ಆ ಸಾಲಿನಲ್ಲಿ ಒಡವೆಯ ಪಕ್ಕದಲ್ಲೇ ಕೂತವನು ಯಾರು ಗೊತ್ತೇ? ಒಡೆಯ! ಒಡೆತನ, ಒಡತಿ, ಮೈಸೂರಿನ ಅರಸು ಮನೆತನದ ‘ಒಡೆಯರು’ ಎಲ್ಲರೂ ಒಡವೆಯ ಒಡಹುಟ್ಟುಗಳೇ.

ಅಂದರೆ ಒಡೆಯನಿಗೆ ಸೇರಿದ್ದು ಒಡವೆ. ಅಮ್ಮನ ಹಂಡೆ, ಅಮ್ಮನ ಯಂತ್ರ, ಅಮ್ಮನ ಹಸು ಇವೆಲ್ಲ ಒಡವೆಗಳೇ. ಪದದ ಅರ್ಥ ಗೊತ್ತಿಲ್ಲದವರು ನಾವು. ಹೈಸ್ಕೂಲಿನ ಮೆಟ್ಟಿಲು ಹತ್ತದ ಅಮ್ಮನಿಗೆ ಅದು ಸರಿಯಾಗಿಯೇ ಗೊತ್ತಿತ್ತು.

ಇದನ್ನು ತಿಳಿದ ಮೇಲೆ, ಚಿಕ್ಕಂದಿನಲ್ಲಿ ತಿಪಟೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಕೇಳಿದ ಇನ್ನೆರಡು ವ್ಯುತ್ಪತ್ತಿಗಳು ನೆನಪಾದವು. ನಮ್ಮ ಚಿಕ್ಕಮ್ಮ ಶೃಂಗಾರಪ್ರಿಯೆ. “ಒಡಲ ಮೇಲೆ ಇರೋದಕ್ಕೇ ಕಣೇ ಒಡವೆ ಅನ್ನೋದು. ಪೆಟ್ಟಿಗೇಲಿ ಇಟ್ಟರೆ ಅದು ಬರೀ ಚಿನ್ನ” ಎನ್ನುತ್ತಿದ್ದರು. ಅಜ್ಜಿಯದು ಬೇರೆಯೇ ವಾದ. ಮೂವರು ಸೊಸೆಯರ ಸಂಸಾರ ನಡೆಸಿದ್ದ ಅಜ್ಜಿ, “ಮನೆ ಒಡೆಯೋದಕ್ಕೇ ಹುಟ್ಟಿದ್ದು, ಅದಕ್ಕೇ ಒಡವೆ ಅಂತ ಹೆಸರಿಟ್ಟವ್ರೆ” ಎಂದು ಎಲೆಯಡಿಕೆ ಮೆಲ್ಲುತ್ತಾ ಹೇಳುತ್ತಿದ್ದಳು. ಭಾಷಾಶಾಸ್ತ್ರದ ಪರೀಕ್ಷೆಯಲ್ಲಿ ಇಬ್ಬರಿಗೂ ಸೊನ್ನೆ. ಒಡಲಿಗೂ ಒಡವೆಗೂ ಸಂಬಂಧವಿಲ್ಲ. ಚೂರಾಗು ಎನ್ನುವ ‘ಒಡೆ’ಗೂ, ಹೊಂದಿರು ಎನ್ನುವ ಅರ್ಥದ ‘ಒಡೆ’ಗೂ ಉಚ್ಚಾರ ಒಂದೇ, ಬೇರು ಬೇರೆ. ಆದರೂ ಸೊನ್ನೆ ಕೊಡಲು ನನಗೆ ಕೈ ಬರುವುದಿಲ್ಲ. ಪದ ಎಲ್ಲಿಂದ ಬಂತು ಎಂಬುದನ್ನು ನಿಘಂಟು ಹೇಳಿದರೆ, ಆ ಪದ ಮನೆಯೊಳಗೆ ಏನು ಮಾಡಿತು ಎಂಬುದನ್ನು ಅಜ್ಜಿ ಹೇಳುತ್ತಿದ್ದಳು. ಎರಡೂ ತಿಳುವಳಿಕೆಯೇ ಅಲ್ಲವೇ?

ಹಾಗಾದರೆ ‘ಸ್ವಂತದ್ದು’ ಎಂಬ ಅಷ್ಟು ಅಗಲವಾದ ಪದ ಕೊರಳು, ಕಿವಿ, ಮುಂಗೈಗಳಿಗೆ ಇಳಿದು ಹೋದದ್ದು ಯಾಕೆ? ಆಭರಣಕ್ಕೆ ಕನ್ನಡದಲ್ಲಿ ಬೇರೆ ಪದ ಇರಲಿಲ್ಲವೆಂದಲ್ಲ. ‘ತೊಡು’ ಎಂಬ ಧಾತುವಿನಿಂದ ಬಂದ ತೊಡವು, ತೊಡಿಗೆ ಇದ್ದವು. ತೊಡುವುದು ತೊಡವು, ಸರಳವಾದ ಲೆಕ್ಕ. ಆ ಪದಗಳು ಈಗ ಕಾವ್ಯದಲ್ಲಿ ಬಿಟ್ಟರೆ ನಮ್ಮ ಮಾತಿನಲ್ಲಿ ಕೇಳುವುದೇ ಅಪರೂಪ. ‘ತೊಡುವಂಥದ್ದು’ ಎನ್ನುವ ಪದ ಹಿಂದೆ ಸರಿದು ‘ಹೊಂದಿರುವಂಥದ್ದು’ ಎನ್ನುವ ಪದ ಅದರ ಜಾಗದಲ್ಲಿ ಬಂದು ಕುಳಿತಿತು.

ಇದು ಒಂದು ಪದದ ಕಥೆ ಮಾತ್ರ ಅಲ್ಲ. ಮದುವೆಯಾಗಿ ಧಾರವಾಡಕ್ಕೆ ಬಂದ ಹೊಸತರಲ್ಲಿ ಅತ್ತೆಯವರು, “ದಾಗೀನ ಎಲ್ಲಾ ತಗದು ಕಪಾಟಿನ್ಯಾಗ ಇಡವಾ, ಊರಿಗೆ ಹೋಗೋವಾಗ ಮೈಮ್ಯಾಲೆ ಬ್ಯಾಡ” ಅಂದಾಗ ನನಗೆ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟಿದ್ದೆ. ದಾಗೀನ ಮರಾಠಿಯಿಂದ ಬಂದ ಪದ. ಅಲ್ಲಿ ‘ದಾಗಿನಾ’ ಎಂದರೆ ಆಭರಣವೂ ಹೌದು, ಒಂದು ನಗ, ಒಂದು ವಸ್ತು ಎಂದೂ ಹೌದು. ನಮ್ಮ ಹಳೇ ಮೈಸೂರಿನ ಕಡೆ ‘ವಸ್ತು ಒಡವೆ’ ಎಂದು ಜೋಡಿಸಿ ಆಡುವುದನ್ನು ನೀವೂ ಕೇಳಿರುತ್ತೀರಿ. ನೋಡಿ, ಕೃಷ್ಣೆಯ ಆಚೆಯ ಭಾಷೆಯಲ್ಲೂ ಈಚೆಯ ಭಾಷೆಯಲ್ಲೂ ‘ವಸ್ತು’ ಎಂಬ ಸಾಮಾನ್ಯ ಪದವೇ ಹೆಂಗಸಿನ ಮೈಮೇಲಿನ ಚಿನ್ನದ ಹೆಸರಾಗಿದೆ.

ಇದಕ್ಕೆ ನನಗೆ ತೋಚುವ ಕಾರಣ ಒಂದೇ. ಹೊಲ ಅಪ್ಪನದು, ಆಮೇಲೆ ಮಗನದು. ಮನೆ ಅವರದು. ದನಕರು, ಬಂಡಿ, ಬಾವಿ, ತೋಟ ಅವರವು. ಮನೆಯ ಹೆಂಗಸು ‘ಇದು ನನ್ನದು’ ಎಂದು ಕೈಯಿಟ್ಟು ತೋರಿಸಬಹುದಾದದ್ದು ಮೈಮೇಲಿನ ಚೂರು ಬಂಗಾರ ಮಾತ್ರ. ‘ಅವಳಿಗೆ ಸೇರಿದ್ದು’ ಎಂದರೂ ಅಷ್ಟೇ, ‘ಅವಳ ಆಭರಣ’ ಎಂದರೂ ಅಷ್ಟೇ. ಎರಡು ಅರ್ಥಗಳ ನಡುವೆ ಅಂತರವೇ ಉಳಿಯದಿದ್ದಾಗ ಪದ ತಾನೇ ಏನು ಮಾಡೀತು? ಕುಗ್ಗಿತು. ಪದ ಕುಗ್ಗುವ ಮೊದಲು ಬದುಕು ಕುಗ್ಗಿತ್ತು ಎಂಬುದು ನನ್ನ ಊಹೆ. ಇದು ಊಹೆಯೇ ಹೊರತು ನಿಘಂಟಿನ ಮಾತಲ್ಲ. ಆದರೆ ಅಮ್ಮನ ಪಟ್ಟಿಯಲ್ಲಿದ್ದ ಗೀಟುಗಳನ್ನು ನೋಡಿದವಳಿಗೆ ಬೇರೆ ಊಹೆ ಬರುವುದಾದರೂ ಹೇಗೆ?

ಆ ಚೂರು ಬಂಗಾರವಾದರೂ ಪೂರ್ತಿ ಅವಳದೇ ಆಗಿತ್ತೇ? ಶಾಸ್ತ್ರಗಳು ಇದಕ್ಕೆ ‘ಸ್ತ್ರೀಧನ’ ಎಂಬ ಒಳ್ಳೆಯ ಹೆಸರನ್ನೇನೋ ಕೊಟ್ಟಿವೆ. ಮನು ಆರು ಬಗೆಯ ಸ್ತ್ರೀಧನವನ್ನು ಎಣಿಸುತ್ತಾನೆ. ಅಗ್ನಿಯ ಮುಂದೆ ಕೊಟ್ಟದ್ದು, ಗಂಡನ ಮನೆಗೆ ಹೊರಟಾಗ ಕೊಟ್ಟದ್ದು, ಪ್ರೀತಿಯಿಂದ ಕೊಟ್ಟದ್ದು, ಮತ್ತೆ ತಾಯಿ, ತಂದೆ, ಅಣ್ಣತಮ್ಮಂದಿರು ಕೊಟ್ಟದ್ದು. ಗಮನಿಸಿ, ಎಲ್ಲವೂ ‘ಕೊಟ್ಟದ್ದು’. ಅವಳೇ ದುಡಿದದ್ದು? ಕಾತ್ಯಾಯನ ಸ್ಮೃತಿಯ ಪ್ರಕಾರ ಹೆಂಗಸು ಕೈಕಸುಬಿನಿಂದ ಗಳಿಸಿದ ಹಣದ ಮೇಲೆ ಅಧಿಕಾರ ಗಂಡನದು. ಹೊಲಿಗೆ ಯಂತ್ರ ಆ ಲೆಕ್ಕದಲ್ಲಿ ಅಮ್ಮನದಲ್ಲ! ಕೊಟ್ಟ ಬಂಗಾರದ ಮಾತಿಗೂ ಒಂದು ಕಿಂಡಿ ಉಂಟು. ಬರಗಾಲದಲ್ಲಿ, ಧರ್ಮಕಾರ್ಯಕ್ಕೆ, ಕಾಯಿಲೆಯಲ್ಲಿ, ಸೆರೆಯಲ್ಲಿದ್ದಾಗ ಗಂಡ ತೆಗೆದುಕೊಂಡ ಸ್ತ್ರೀಧನವನ್ನು ಅವನು ಹಿಂದಿರುಗಿಸಬೇಕಿಲ್ಲ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಯಾವ ಮನೆಯಲ್ಲಿ ಈ ನಾಲ್ಕರಲ್ಲಿ ಒಂದಾದರೂ ಇರುವುದಿಲ್ಲ ಹೇಳಿ? ನಮ್ಮ ಮನೆಯಲ್ಲಿ 1978ರಲ್ಲಿ ಪಂಪ್‌ಸೆಟ್ಟು ಬಂತು, ತೆಂಗಿನ ತೋಟ ಉಳಿಯಿತು. ಬರಗಾಲದ ಬಾಬ್ತು. ಅಪ್ಪ ಕೆಟ್ಟವರಲ್ಲ. ಆದರೆ ತೋಟ ಯಾರ ಹೆಸರಿನಲ್ಲಿತ್ತು ಎಂದು ಕೇಳಿದರೆ ನನ್ನ ಬಳಿ ಒಂದೇ ಉತ್ತರ ಇದೆ.

ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆದವನು ನಮ್ಮ ನೆಲದವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ರಚಿಸಿದ. ಅವನ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಸ್ತ್ರೀಧನ ಎಂಬ ಪದವನ್ನು ಅವನು ಅದರ ನೇರ ಅರ್ಥದಲ್ಲೇ ತೆಗೆದುಕೊಂಡ. ಹೆಂಗಸಿಗೆ ಪಿತ್ರಾರ್ಜಿತವಾಗಿ, ಕ್ರಯದಿಂದ, ಪಾಲಿನಿಂದ ಬಂದದ್ದೂ ಸ್ತ್ರೀಧನವೇ ಎಂದ. ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮ ಕಲ್ಯಾಣದ ಪಂಡಿತನೊಬ್ಬ ಒಂದು ಪದವನ್ನು ಹಿಗ್ಗಿಸಿ ಹೆಂಗಸಿಗೆ ಜಾಗ ಮಾಡಿದ್ದ. ನಂತರ ಬಂದವರು, ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಸೇರಿ, ಅದನ್ನು ಮತ್ತೆ ಕುಗ್ಗಿಸಿದರು. ಪದಗಳ ಅರ್ಥ ತನ್ನಷ್ಟಕ್ಕೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಯಾರೋ ಹಿಗ್ಗಿಸುತ್ತಾರೆ, ಯಾರೋ ಕುಗ್ಗಿಸುತ್ತಾರೆ.

ಸಾಹಿತ್ಯವಾದರೂ ನಮ್ಮ ಕೈ ಹಿಡಿಯಿತೇ ಎಂದರೆ, ಪೂರ್ತಿ ಇಲ್ಲ ಎನ್ನಬೇಕಾಗುತ್ತದೆ. ಕಾಳಿದಾಸನ ಶಾಕುಂತಲದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿದ ಕಣ್ವ ಮಹರ್ಷಿ, ಯಾರೋ ಇಟ್ಟಿದ್ದ ಅಡವನ್ನು ಹಿಂದಿರುಗಿಸಿದಷ್ಟು ನಿರಾಳವಾಯಿತು ಎನ್ನುತ್ತಾನೆ. ಆ ಅಂಕವನ್ನು ಪಾಠ ಮಾಡುವಾಗ ಪ್ರತಿವರ್ಷವೂ ನನ್ನ ಕಣ್ಣು ತೇವವಾಗುತ್ತಿತ್ತು. ಮಗಳು ಇಲ್ಲಿ ಒಡವೆಯೇ ಹೊರತು ಒಡತಿಯಲ್ಲ ಎಂಬುದು ಮಾತ್ರ ಎಷ್ಟೋ ವರ್ಷ ಹೊಳೆಯಲೇ ಇಲ್ಲ. ಕನ್ನಡದ ‘ಹೊನ್ನು, ಹೆಣ್ಣು, ಮಣ್ಣು’ ಎಂಬ ಪಟ್ಟಿಯೂ ಹಾಗೆಯೇ. ಅದನ್ನು ಬಿಡಬೇಕು ಎಂದವರೂ ಇದ್ದಾರೆ, ಅದು ಮಾಯೆಯಲ್ಲ, ಮನಸ್ಸಿನ ಆಸೆಯೇ ಮಾಯೆ ಎಂದು ತಿದ್ದಿದ ದೊಡ್ಡವರೂ ಇದ್ದಾರೆ. ತಿದ್ದಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಪಟ್ಟಿಯನ್ನು ಓದುವವನು ಗಂಡಸು ಎಂದು ಮೊದಲೇ ತೀರ್ಮಾನವಾಗಿದೆಯಲ್ಲ? ಹೆಣ್ಣು ಈ ಪಟ್ಟಿಯನ್ನು ಓದಹೊರಟರೆ ತನ್ನ ಹೆಸರನ್ನು ಬಂಗಾರಕ್ಕೂ ಭೂಮಿಗೂ ನಡುವೆ ಕಾಣುತ್ತಾಳೆ. ಈಗಲೂ ನಮ್ಮ ಮಾತು ಕೇಳಿ: ಹೆಣ್ಣು ‘ಕೊಡುತ್ತೇವೆ’, ಹೆಣ್ಣು ‘ತರುತ್ತೇವೆ’. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆಯ ನಡತೆಯನ್ನೇ ಹೇಳುವ ಆ ಕಾವ್ಯದ ನಡುವೆಯೂ, ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು, ಹಾಗಿದ್ದೂ ಹೆಣ್ಣನ್ನು ಹಳಿಯುವುದೇಕೆ ಎಂದು ಕೇಳದೆ ಬಿಡಲಿಲ್ಲ ಅವಳು. ಹೆಸರಿನಲ್ಲಿ ಹೊನ್ನಿದ್ದವಳು ಪಟ್ಟಿಯೊಳಗಿನಿಂದಲೇ ಮಾತಾಡಿದ್ದಳು.

ನಮ್ಮ ಗಾದೆಗಳನ್ನೂ ಸ್ವಲ್ಪ ಉಜ್ಜಿ ನೋಡಬೇಕು. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎನ್ನುತ್ತೇವೆ. ಅಕ್ಕಸಾಲಿ ಎಂಬ ಪದದಲ್ಲಿ ಅಕ್ಕ ಇಲ್ಲವೇ ಇಲ್ಲ. ಚಿನ್ನದ ಕೆಲಸ ನಡೆಯುವ ಜಾಗಕ್ಕೆ ಕೌಟಿಲ್ಯನ ಅರ್ಥಶಾಸ್ತ್ರ ‘ಅಕ್ಷಶಾಲೆ’ ಎನ್ನುತ್ತದೆ; ನಮ್ಮ ಅಕ್ಕಸಾಲೆ ಅದೇ. ಬರಿಯ ಪ್ರಾಸದ ಆಸೆಗೆ ಒಂದು ಕಸುಬಿನವರನ್ನೆಲ್ಲ ಕಳ್ಳರನ್ನಾಗಿ ಮಾಡಿದ ಗಾದೆ ಇದು. ನಾನು ಕಂಡ ಮನೆಗಳಲ್ಲಂತೂ ಅಕ್ಕನ ಚಿನ್ನ ಹೋದದ್ದು ಅಕ್ಕಸಾಲಿಯ ಕುಲುಮೆಗಲ್ಲ. ತಮ್ಮನ ಫೀಸಿಗೆ, ಅಣ್ಣನ ಅಂಗಡಿಗೆ, ಗಂಡನ ಸೈಟಿಗೆ. ಯಾರೂ ಕದಿಯಲಿಲ್ಲ; ಅವಳೇ ಬಿಚ್ಚಿ ಕೊಟ್ಟಳು. ‘ಬಿಚ್ಚಿ ಕೊಟ್ಟಳು’ ಎನ್ನುವ ಮಾತನ್ನು ನಾವು ಎಷ್ಟು ಹೆಮ್ಮೆಯಿಂದ ಹೇಳುತ್ತೇವೆ! ಕೊಟ್ಟದ್ದಕ್ಕೆ ಹೆಮ್ಮೆ ಇರಲಿ. ಬರೆದಿಟ್ಟವರು ಯಾರು? ಅಮ್ಮ ಬರೆದಿಟ್ಟಿದ್ದಳು. ಸಾಲ ಎಂದು ಬರೆದಿರಲಿಲ್ಲ, ದಾನ ಎಂದೂ ಬರೆದಿರಲಿಲ್ಲ. ಎಲ್ಲಿ ಹೋಯಿತು, ಯಾವ ವರ್ಷ ಹೋಯಿತು, ಅಷ್ಟೇ.

ಮೂರನೆಯ ಗೀಟು ನನ್ನದು. 1988ರಲ್ಲಿ ನನ್ನ ಕೊರಳಿಗೆ ಬಂದ ಸರ ಅಮ್ಮನ ಎರಡೆಳೆಯನ್ನು ಕರಗಿಸಿ ಮಾಡಿಸಿದ್ದು ಎಂದು ಆಗ ನನಗೆ ಗೊತ್ತಿತ್ತು. ಅವಳ ಬರಿಗೊರಳಿನಲ್ಲಿ ಕರಿಮಣಿ ಮಾತ್ರ ಉಳಿದದ್ದನ್ನೂ ನೋಡಿದ್ದೆ. ಹೊಸ ಸರದ ಮಿರುಗಿನಲ್ಲಿ ಕಣ್ಣು ಮುಚ್ಚಿಕೊಂಡೆ. ಆದ್ದರಿಂದ ಅಣ್ಣನನ್ನು ದೂರುವ ಹಕ್ಕು ನನಗೆ ಅರ್ಧ ಮಾತ್ರ.

ಕಾನೂನು ಈಗ ಬದಲಾಗಿದೆ. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯೊಂದನ್ನು ತಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಹೆಂಗಸಿನ ಸ್ವಾಧೀನದಲ್ಲಿರುವ ಆಸ್ತಿ ಅವಳ ಸಂಪೂರ್ಣ ಸ್ವತ್ತು ಎಂದಿತು. ಸ್ತ್ರೀಧನ ಹೆಂಡತಿಯದೇ, ಗಂಡನ ಮನೆಯವರ ಬಳಿ ಅದು ನಂಬಿಕೆಯ ಮೇಲೆ ಇಟ್ಟದ್ದು, ಕೊಡದಿದ್ದರೆ ಅಪರಾಧ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಾಗ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಕಾಫಿ ತರಿಸಿ ಸಂಭ್ರಮಿಸಿದ್ದೆವು. ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ ಎಂದು ಆಮೇಲೆ ತಿಳಿಯಿತು. ಕಾಫಿಯ ದುಡ್ಡು ಕೊಟ್ಟವಳು ನಾನೇ! 2005ರ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನು ಕೆಡವಿತು. ಮಗಳ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಕಾಗದದ ಮೇಲೆ ನಾವೀಗ ಒಡತಿಯರು. ಆದರೆ ತವರಿಗೆ ಹೋಗಿ “ಅಣ್ಣಾ, ನನ್ನ ಪಾಲು” ಎಂದು ಎಷ್ಟು ಜನ ಬಾಯಿ ಬಿಟ್ಟಿದ್ದೇವೆ? ‘ನಿನಗೆ ಮದುವೆಯಲ್ಲಿ ಒಡವೆ ಹಾಕಿ ಕಳಿಸಿಲ್ಲವೇ’ ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಎಲ್ಲ ಸ್ವತ್ತಿಗೂ ಹೆಸರಾಗಿದ್ದ ಒಡವೆ ಎಂಬ ಪದ ಹೀಗೆ ಹೆಣ್ಣಿಗೆ ಸ್ವತ್ತು ಇಲ್ಲ ಎನ್ನಲು ಕಾರಣವಾಗಿ ನಿಂತಿತು. ನನಗೆ ಈ ಪದದ ಮೇಲಿರುವ ಜಗಳ ಇದೇ. ಅಜ್ಜಿ ಹೇಳಿದಂತೆ ಮನೆ ಒಡೆಯುವುದು ಬಂಗಾರದಿಂದಲ್ಲ. ಯಾರದು ಏನು ಎಂಬುದನ್ನು ಬಾಯಿಬಿಟ್ಟು ಆಡದೆ ಇರುವುದರಿಂದ.

ಬೇರೆ ಪದಗಳನ್ನೂ ಒಮ್ಮೆ ನೋಡಿ. ‘ಆಸ್ತಿ’ ಎಂಬುದು ಸಂಸ್ಕೃತದ ‘ಅಸ್ತಿ’, ಅಂದರೆ ‘ಇದೆ’. ಇರುವುದೇ ಆಸ್ತಿ. ‘ಸ್ವತ್ತು’ ಎನ್ನುವುದರಲ್ಲಿ ‘ಸ್ವ’ ಇದೆ, ತಾನು ಎಂಬುದು. ಅಂಗಡಿಯಲ್ಲಿ ನಾವು “ಇದು ಎಷ್ಟು ಬಾಳುತ್ತೆ?” ಎಂದು ಕೇಳುತ್ತೇವೆ, ಅಮೂಲ್ಯವಾದದ್ದಕ್ಕೆ ‘ಬೆಲೆಬಾಳುವ’ ಎನ್ನುತ್ತೇವೆ. ಬಾಳು ಎಂದರೆ ಬದುಕು ತಾನೇ? ಬೆಲೆ ಎನ್ನುವುದು ಕನ್ನಡದಲ್ಲಿ ಬಾಳುವಂಥದ್ದು, ದಿನವೂ ಕೈಯಾಡುತ್ತಾ ಇರುವಂಥದ್ದು. ಅಮ್ಮನ ಹಂಡೆ ದಿನಾ ಬೆಳಿಗ್ಗೆ ನೀರು ಕಾಯಿಸಿತು. ಹಸು ಹಾಲು ಕೊಟ್ಟಿತು. ಯಂತ್ರ ಊರಿನ ಹುಡುಗಿಯರ ಲಂಗ ರವಿಕೆ ಹೊಲಿದು ನನ್ನ ಹಾಸ್ಟೆಲಿನ ಖರ್ಚು ಕೊಟ್ಟಿತು. ಚಿನ್ನಕ್ಕೆಲ್ಲ ಗೀಟು ಬಿದ್ದ ಮೇಲೂ ಇವು ಮೂರಕ್ಕೆ ಗೀಟು ಬೀಳಲಿಲ್ಲ. ಹಸು ಎಂದೋ ಸತ್ತಿತು. ಅಮ್ಮ ಆದರೂ ಅದನ್ನು ಹೊಡೆದು ಹಾಕಲಿಲ್ಲ.

ಅಮ್ಮನ ವೈಕುಂಠ ಸಮಾರಾಧನೆಯ ಮರುದಿನ ಮನೆಯ ಸಾಮಾನು ವಿಲೇವಾರಿಯ ಮಾತು ಬಂತು. ಓಲೆಯನ್ನು ಅಣ್ಣ ತಾನಾಗಿಯೇ ನನ್ನ ಕೈಗಿಟ್ಟ. ಹಂಡೆಯನ್ನು ಅತ್ತಿಗೆ ಕೇಳಿದರು, ಅವರೇ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದವರು, ಅದು ಅವರಿಗೇ ಸಲ್ಲಬೇಕಾದದ್ದು. ಯಂತ್ರವನ್ನು ಗುಜರಿಗೆ ಹಾಕೋಣ ಎಂದಾಗ ಬೇಡವೆಂದು ಧಾರವಾಡಕ್ಕೆ ತಂದೆ. ತೋಟದ ಮಾತು ನಾನು ಆಡಲಿಲ್ಲ, ಅವನೂ ಆಡಲಿಲ್ಲ. ಆ ಮಾತು ಇನ್ನೂ ಹಾಗೆಯೇ ಇದೆ. ಇದನ್ನು ಬರೆಯುತ್ತಿರುವಾಗ ಅವನು ಓದುತ್ತಾನೆಂಬುದು ನನಗೆ ಗೊತ್ತು. ಓದಲಿ. ಅವನಿಗೆ ಪಟ್ಟಿಯ ಒಂದು ಪ್ರತಿಯನ್ನೂ ಕಳಿಸಿದ್ದೇನೆ, ಜೊತೆಗೆ ಒಡವೆ ಎಂಬ ಪದದ ಅರ್ಥವನ್ನೂ ಬರೆದು.

ಓದುವ ನಿಮಗೆ ನನ್ನದೊಂದು ಸಣ್ಣ ಸಲಹೆ. ಯಾವುದಾದರೂ ಮಧ್ಯಾಹ್ನ ಬಿಡುವು ಮಾಡಿಕೊಂಡು ನೀವೂ ಒಂದು ಪಟ್ಟಿ ಬರೆಯಿರಿ. ಬಂಗಾರದಿಂದ ಶುರು ಮಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಏನು ಹೋಯಿತು, ಯಾವುದಕ್ಕೆ ಹೋಯಿತು, ಯಾವ ವರ್ಷ ಹೋಯಿತು ಎಂದೂ ಬರೆಯಿರಿ. ಮನೆಯ ಪತ್ರದಲ್ಲಿ ಯಾರ ಹೆಸರಿದೆ, ಠೇವಣಿಯಲ್ಲಿ ಯಾರ ಹೆಸರಿದೆ ಎಂದು ನೋಡಿ ಬರೆಯಿರಿ. ಜಗಳಕ್ಕಲ್ಲ, ತಿಳಿದಿರಲಿ ಎಂದು.

ಯಂತ್ರ ಈಗ ನಮ್ಮ ನಡುಮನೆಯ ಕಿಟಕಿಯ ಕೆಳಗೆ ಇದೆ. ಎಣ್ಣೆ ಬಿಟ್ಟು, ಹೊಸ ಬೆಲ್ಟು ಹಾಕಿಸಿದ ಮೇಲೆ ಚೆನ್ನಾಗಿ ಓಡುತ್ತಿದೆ. ಮೊನ್ನೆ ಮೊಮ್ಮಗಳು ಅದರ ಚಕ್ರ ತಿರುಗಿಸುತ್ತಾ, “ಅಜ್ಜಿ, ಇದು ಯಾರದು?” ಎಂದು ಕೇಳಿದಳು. “ನಿಮ್ಮ ಮುತ್ತಜ್ಜಿಯ ಒಡವೆ” ಅಂದೆ. ಅವಳು ನಗಲಿಲ್ಲ. ಹೌದಾ ಎಂದು ತಲೆಯಾಡಿಸಿ, ಚಕ್ರವನ್ನು ಇನ್ನೊಂದು ಸುತ್ತು ತಿರುಗಿಸಿದಳು.